ರಿಪೋರ್ಟ್ ಬರೋ ತನಕ: ಬಾಲ್ಯದ ರಜೆಯ ಒಂದು ಹೊತ್ತು

ನಮಸ್ಕಾರ. ಈ ವಿಡಿಯೋ ಯಾವುದೋ ಒಂದು ರಿಪೋರ್ಟ್‌ಗೆ ಕಾಯ್ತಾ ಇರೋರಿಗೆ. ಮೈಯಲ್ಲಿ ಗಂಟೊಂದು ಕೈಗೆ ಸಿಕ್ಕಿದೆ, ಇಲ್ಲಾ ಸ್ಕ್ಯಾನ್‌ನಲ್ಲಿ ಏನೋ ಮಸುಕಾಗಿ ಕಂಡಿದೆ, ಇಲ್ಲಾ ರಕ್ತದಲ್ಲಿ ಒಂದು ಅಂಶ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ. ಡಾಕ್ಟರು "ಯಾವುದಕ್ಕೂ ಇನ್ನೊಂದು ಟೆಸ್ಟ್ ಮಾಡಿಸಿಬಿಡೋಣ" ಅಂದಿದಾರೆ. ಆ "ಯಾವುದಕ್ಕೂ" ಅನ್ನೋ ಒಂದೇ ಪದ ಮನೆ ತನಕ ಜೊತೆಗೇ ಬಂದು, ರಾತ್ರಿ ದಿಂಬಿನ ಪಕ್ಕದಲ್ಲೇ ಮಲಗಿಬಿಡುತ್ತೆ.

ಈ ದಿನಗಳಲ್ಲಿ ಬಾಲ್ಯದ ರಜೆಯ ನೆನಪನ್ನ ಹೇಗೆ ಕರೆಸಿಕೊಳ್ಳೋದು, ಅದರಿಂದ ನಿಜವಾಗಲೂ ಹಿತ ಸಿಗಬೇಕಾದ್ರೆ ಏನು ಮಾಡಬೇಕು, ಎಲ್ಲಿ ಕೈಕೊಡುತ್ತೆ, ಯಾಕೆ ಕೈಕೊಡುತ್ತೆ ಅನ್ನೋದಷ್ಟೇ ಇವತ್ತಿನ ವಿಷಯ. ನೆನಪು ಔಷಧಿ ಅಲ್ಲ. ಗಂಟನ್ನ ಕರಗಿಸಲ್ಲ, ರಿಪೋರ್ಟ್‌ನ ಒಂದಕ್ಷರವನ್ನೂ ಬದಲಾಯಿಸಲ್ಲ. ಆದರೆ ಕಾಯೋ ದಿನಗಳೂ ನಿಮ್ಮ ಆಯುಷ್ಯದ ದಿನಗಳೇ. ಅವನ್ನ ಪೂರ್ತಿ ಭಯದ ಕೈಗೆ ಕೊಡಬೇಕಾಗಿಲ್ಲ.

ಕೆಟ್ಟ ಸುದ್ದಿಗಿಂತ ಕಾಯೋದೇ ಕಷ್ಟ ಅಂತ ತುಂಬಾ ಜನ ಹೇಳ್ತಾರೆ. ಅದು ಬರೀ ಮಾತಲ್ಲ. 2016ರಲ್ಲಿ ಲಂಡನ್ನಿನ ಸಂಶೋಧಕರು ಒಂದು ಕಂಪ್ಯೂಟರ್ ಆಟ ಆಡಿಸಿದ್ರು. ಕಲ್ಲಿನ ಕೆಳಗೆ ಹಾವು ಇದೆಯಾ ಇಲ್ಲವಾ ಅಂತ ಊಹಿಸಬೇಕು. ಹಾವು ಇದ್ದರೆ ಕೈಗೆ ನೋವಾಗೋ ಹಾಗೆ ಸಣ್ಣ ಶಾಕ್. ಶಾಕ್ ಹೊಡೆದೇ ಹೊಡೆಯುತ್ತೆ ಅಂತ ಗೊತ್ತಿದ್ದಾಗ ಇದ್ದ ಒತ್ತಡಕ್ಕಿಂತ, ಹೊಡೆಯೋದೂ ಬಿಡೋದೂ ಸಮ ಸಮ ಇದ್ದಾಗ ಒತ್ತಡ ಹೆಚ್ಚಿತ್ತು. ಬೆವರು, ಕಣ್ಣಿನ ಪಾಪೆ ಎಲ್ಲಾ ಅದನ್ನೇ ತೋರಿಸಿದ್ವು. ನೀವು ಈಗ ಕೂತಿರೋದು ಆ ನಡುಮಧ್ಯದಲ್ಲಿ. ಹಾಗಾಗಿ "ನಾನೇ ಇಷ್ಟು ಹೆದರುಪುಕ್ಕಲಾ" ಅಂತ ನಿಮ್ಮನ್ನ ನೀವೇ ಬೈಕೋಬೇಡಿ. ಮೈ ತನ್ನ ಕೆಲಸ ತಾನು ಮಾಡ್ತಿದೆ.

ಇನ್ನೊಂದು ಮಾತು, ಬಯಾಪ್ಸಿಗೆ, ಅಂದ್ರೆ ಪರೀಕ್ಷೆಗೆ ಅಂತ ಮೈಯಿಂದ ಸಣ್ಣ ಚೂರು ಕೊಟ್ಟು ಬಂದೋರಿಗೆ. ರಿಪೋರ್ಟ್ ತಡ ಆದ್ರೆ "ಏನೋ ಕೆಟ್ಟದ್ದೇ ಇರಬೇಕು" ಅಂತ ಮನಸ್ಸು ಲೆಕ್ಕ ಹಾಕುತ್ತೆ. ಲ್ಯಾಬಿನೊಳಗೆ ಏನಾಗ್ತಿದೆ ಅಂತ ಒಂದು ಸಲ ನೋಡಿ. ನಿಮ್ಮಿಂದ ತೆಗೆದ ಚೂರು ಮೊದಲು, ಅದನ್ನ ಕೆಡದ ಹಾಗೆ ಇಡೋ ಫಾರ್ಮಲಿನ್‌ನಲ್ಲಿ ಗಂಟೆಗಟ್ಟಲೆ ನೆನೀಬೇಕು, ಆಮೇಲೆ ಆಲ್ಕೋಹಾಲ್‌ನಲ್ಲಿ ಒಂದೊಂದೇ ಹಂತವಾಗಿ ಅದರ ನೀರು ತೆಗೀಬೇಕು, ಆಮೇಲೆ ಮೇಣದ ಅಚ್ಚಿನಲ್ಲಿ ಕೂರಿಸಬೇಕು. ಆ ಮೇಣದ ತುಂಡನ್ನ 3ರಿಂದ 5 ಮೈಕ್ರಾನ್ ದಪ್ಪಕ್ಕೆ ಕತ್ತರಿಸ್ತಾರೆ. ಒಂದು ಮಿಲಿಮೀಟರನ್ನ ಇನ್ನೂರೈವತ್ತು ಪದರ ಮಾಡಿದ್ರೆ ಒಂದು ಪದರ ಎಷ್ಟೋ ಅಷ್ಟು. ಆ ಪದರ ಸುಕ್ಕಾಗದ ಹಾಗೆ ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಮೇಲೆ ಎತ್ತಿಕೊಂಡು, ಬಣ್ಣ ಹಾಕ್ತಾರೆ. ಜೀವಕೋಶದ ನಡುವಿನ ಭಾಗ ನೇರಳೆ, ಸುತ್ತಲಿನದು ಗುಲಾಬಿ. ಮೂಳೆಯ ಚೂರಾದ್ರೆ ಅದರ ಸುಣ್ಣ ಕರಗಿಸೋಕೇ ಇನ್ನೂ ಕೆಲವು ದಿನ ಬೇಕು. ಇನ್ನೊಂದು ಬಣ್ಣ ಹಾಕಿ ನೋಡಬೇಕು ಅನ್ನಿಸಿದ್ರೆ, ಇನ್ನೊಬ್ಬ ಡಾಕ್ಟರ ಕಣ್ಣಿಗೂ ತೋರಿಸಬೇಕು ಅನ್ನಿಸಿದ್ರೆ, ಮತ್ತೆ ದಿನ ಹಿಡಿಯುತ್ತೆ. ಅಂದ್ರೆ ತಡ ಆಯ್ತು ಅನ್ನೋದೊಂದರಿಂದಲೇ ಒಳಗೆ ಏನಿದೆ ಅಂತ ಗೊತ್ತಾಗಲ್ಲ.

ನೆನಪಿಗೆ ಹೋಗೋ ಮೊದಲು ಒಂದು ಕೆಲಸ ಮುಗಿಸಿಬಿಡಿ. ಒಂದೇ ಒಂದು ಹಾಳೆ ತಗೊಳ್ಳಿ. ಯಾವ ಟೆಸ್ಟ್, ಯಾವತ್ತು ಕೊಟ್ಟಿದ್ದು, ರಿಪೋರ್ಟ್ ಯಾವತ್ತು ಅಂದಿದಾರೆ, ಆ ದಿನ ಬರದೇ ಇದ್ರೆ ಯಾರಿಗೆ ಫೋನ್ ಮಾಡಬೇಕು, ಡಾಕ್ಟರಿಗೆ ಕೇಳಬೇಕಾದ ಮೂರು ಪ್ರಶ್ನೆ. ಕೆಳಗೆ ದಪ್ಪ ಅಕ್ಷರದಲ್ಲಿ, ಯಾವ ತೊಂದರೆ ಬಂದ್ರೆ ಕಾಯದೇ ಆಸ್ಪತ್ರೆಗೆ ಹೋಗಬೇಕು ಅಂತ ಬರೀರಿ. ಎದೆನೋವು, ಉಸಿರು ಸಿಗದೇ ಇರೋದು, ಮೈಯ ಒಂದು ಬದಿ ಸೋತ ಹಾಗಾಗೋದು, ನಿಲ್ಲದ ರಕ್ತಸ್ರಾವ, ಇವಂತೂ ಇರಲೇಬೇಕು. ಅಂಥ ಹೊತ್ತಲ್ಲಿ ಕಣ್ಣು ಮುಚ್ಚಿ ಬಾಲ್ಯ ನೆನೆಯೋದಲ್ಲ, ಗಾಡಿ ಕರೀಬೇಕು.

ಈ ಹಾಳೆ ಯಾಕಪ್ಪಾ ಅಂದ್ರೆ, ಬಾಕಿ ಕೆಲಸ ತಲೆಯಲ್ಲಿ ಉಳಿದಿದ್ರೆ ಅದು ಪದೇ ಪದೇ ಸೆರಗು ಹಿಡಿದು ಎಳೆಯುತ್ತೆ. ಹಾಳೆಗೆ ಇಳಿದ ಮೇಲೆ ಮನಸ್ಸಿಗೆ ಒಂದು ಉತ್ತರ ಇರುತ್ತೆ: ಗೊತ್ತು, ಬರೆದಿಟ್ಟಿದೆ.

ಈಗ ರಜೆಗೆ ಬರೋಣ. ಬಾಲ್ಯದ ರಜೆಯೇ ಯಾಕೆ? ಮದುವೆ ದಿನ, ಕೆಲಸ ಸಿಕ್ಕಿದ ದಿನ ಇಲ್ವಾ? ಇವೆ. ಆದರೆ ಆ ದಿನಗಳಲ್ಲಿ ನಿಮ್ಮ ಮೇಲೆ ಜವಾಬ್ದಾರಿ ಇತ್ತು. ಮಗುವಾಗಿದ್ದಾಗಿನ ರಜೆಯಲ್ಲಿ ಟಿಕೆಟ್ ಯಾರ ಜೇಬಲ್ಲಿದೆ, ಮನೆ ಬೀಗ ಹಾಕಿದ್ರಾ, ನಾಳೆ ಏನು, ಇದ್ಯಾವುದೂ ನಿಮ್ಮ ತಲೆನೋವಲ್ಲ. ಯಾರೋ ದೊಡ್ಡವರು ನೋಡ್ಕೋತಿದ್ರು. ರೋಗದ ಭಯದಲ್ಲಿ ಮನುಷ್ಯನಿಗೆ ಹೆಚ್ಚು ಬೇಕಾಗಿರೋದು ಅದೇ. ಜೊತೆಗೆ ರಜೆ ಅಂದ್ರೆ ಹೊಸ ಜಾಗ, ಹೊಸ ವಾಸನೆ, ಹೊಸ ಹಾಸಿಗೆ. ದಿನಾ ಮಾಡೋದು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತೆ, ಹೊಸದು ಪ್ರತ್ಯೇಕವಾಗಿ ಉಳಿಯುತ್ತೆ. ಸಾಮಾನ್ಯವಾಗಿ ಮೂರು ಮೂರೂವರೆ ವರ್ಷಕ್ಕಿಂತ ಹಿಂದಿನದು ನೆನಪಿರಲ್ಲ. ಆರರಿಂದ ಹನ್ನೆರಡರ ನಡುವೆ ಹುಡುಕಿದ್ರೆ ಬೇಗ ಸಿಗುತ್ತೆ.

ಹಳೇದನ್ನ ನೆನೆಯೋದನ್ನೇ ಒಂದು ಕಾಲದಲ್ಲಿ ಕಾಯಿಲೆ ಅಂತಿದ್ರು ಅಂದ್ರೆ ನಂಬ್ತೀರಾ? 1688ರಲ್ಲಿ ಯೊಹಾನೆಸ್ ಹೋಫರ್ ಅನ್ನೋ ವೈದ್ಯಕೀಯ ವಿದ್ಯಾರ್ಥಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ "ನಾಸ್ಟಾಲ್ಜಿಯಾ" ಅನ್ನೋ ಪದ ಕಟ್ಟಿದ. ಮನೆಗೆ ಮರಳೋದು, ನೋವು, ಈ ಎರಡು ಗ್ರೀಕ್ ಮಾತು ಸೇರಿಸಿ, ಊರು ಬಿಟ್ಟು ಬಂದವರ ಕೊರಗಿಗೆ ಇಟ್ಟ ರೋಗದ ಹೆಸರು ಅದು. ಈಗಿನ ಪ್ರಯೋಗಗಳು ಬೇರೆಯದನ್ನೇ ಹೇಳ್ತಿವೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರ ಕೈಯನ್ನ ಕೊರೆಯೋ ತಣ್ಣೀರಲ್ಲಿ ಇಡಿಸಿ, ಆಮೇಲೆ ಕೆಲವರಿಗೆ ಸಂತೋಷದ ನೆನಪು, ಕೆಲವರಿಗೆ ಸಪ್ಪೆ ನೆನಪು ತಂದುಕೊಳ್ಳೋಕೆ ಹೇಳಿದ್ರು. ಸಂತೋಷದ್ದನ್ನ ನೆನೆದವರಲ್ಲಿ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನು ಅಷ್ಟಾಗಿ ಏರಲಿಲ್ಲ.

ಸರಿ, ಹೇಗೆ ಮಾಡೋದು. ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ಇಡೀ ರಜೆ ಬೇಡ, ಒಂದು ಹೊತ್ತು ಸಾಕು. "ಎಷ್ಟು ಚೆನ್ನಾಗಿತ್ತು ಆ ದಿನಗಳು" ಅಂತ ಶುರು ಮಾಡಿದ್ರೆ ಎರಡು ನಿಮಿಷಕ್ಕೆ ಮುಗಿದುಹೋಗುತ್ತೆ, ಉಳಿಯೋದು ನಿಟ್ಟುಸಿರು. ಮನಸ್ಸು ಕುಗ್ಗಿದಾಗ ನೆನಪು ತಾನಾಗೇ ಹೀಗೆ ಸಾರಾಂಶಕ್ಕೆ ಇಳಿಯುತ್ತೆ. ನಿರ್ದಿಷ್ಟ ಘಟನೆ ಹೇಳಿ ಅಂದ್ರೂ "ರಜೆಗೆ ಹೋಗ್ತಿದ್ವಿ, ಆಡ್ತಿದ್ವಿ" ಅಂತಲೇ ಬರುತ್ತೆ. ಮನಃಶಾಸ್ತ್ರಜ್ಞರು 1986ರಿಂದಲೇ ಇದನ್ನ ಗಮನಿಸಿ ಬರೆದಿದಾರೆ. ಹಾಗಾಗಿ "ಹೋಗ್ತಿದ್ವಿ" ಅನ್ನೋ ಮಾತು ಬಂದ ತಕ್ಷಣ ನಿಲ್ಲಿಸಿ. "ಆವತ್ತು" ಅಂತ ಬದಲಾಯಿಸಿ.

ಆರಿಸಿದ ಹೊತ್ತು ಸರಿಯಾಗಿದೆಯಾ ಅಂತ ನೋಡೋಕೆ ಮೂರು ಪ್ರಶ್ನೆ. ಬೆಳಕು ಯಾವ ಕಡೆಯಿಂದ ಬೀಳ್ತಿತ್ತು? ಕೈ ಯಾವುದನ್ನ ಮುಟ್ಟಿತ್ತು? ಪಕ್ಕದಲ್ಲಿ ಯಾರಿದ್ರು? ಇವುಗಳಲ್ಲಿ ಎರಡಕ್ಕಾದರೂ ಉತ್ತರ ಬಂದ್ರೆ ಅದು ಒಳ್ಳೆ ಹೊತ್ತು. ದೊಡ್ಡ ಘಟನೆ ಆಗಿರಬೇಕಾಗಿಲ್ಲ. ಸಮುದ್ರ ಮೊದಲ ಸಲ ನೋಡಿದ್ದಕ್ಕಿಂತ, ನೀರಿಂದ ಬಂದ ಮೇಲೆ ಒದ್ದೆ ಟವೆಲ್ ಹೊದ್ದು ಮೆಟ್ಟಿಲ ಮೇಲೆ ಕೂತಿದ್ದೇ ಹೆಚ್ಚು ಸ್ಪಷ್ಟವಾಗಿ ಬರಬಹುದು. ಬರಲಿ, ಅದನ್ನೇ ಇಟ್ಕೊಳ್ಳಿ.

ಕೆಲವನ್ನ ಈಗ ಮುಟ್ಟದೇ ಇರೋದು ವಾಸಿ. ಆ ರಜೆಯಲ್ಲೇ ಯಾರಿಗೋ ಹುಷಾರು ತಪ್ಪಿದ್ದು, ದೊಡ್ಡವರ ಜಗಳ ಆಗಿದ್ದು, ಈಚೆಗಷ್ಟೇ ತೀರಿಕೊಂಡವರು ನಡುವೆ ಇರೋದು. ರಜೆಯ ಕೊನೇ ದಿನವನ್ನೂ ಬಿಡಿ. ಗಂಟುಮೂಟೆ ಕಟ್ಟೋ ದಿನ ಅದು, ಅದರ ಬಾಲ ಹಿಡ್ಕೊಂಡು "ಎಲ್ಲಾ ಮುಗೀತು" ಅನ್ನೋ ಭಾವ ಬರುತ್ತೆ. ಬಾಲ್ಯವೇ ಕಷ್ಟದಲ್ಲಿ ಕಳೆದವರು ಬಲವಂತ ಮಾಡ್ಕೋಬೇಡಿ. ಯಾವ ವಯಸ್ಸಿನದ್ದಾದರೂ ಸರಿ, ಯಾರೂ ನಿಮ್ಮನ್ನ ಏನೂ ಕೇಳದೇ ಬಿಟ್ಟಿದ್ದ ಒಂದು ಹೊತ್ತನ್ನ ಹುಡುಕಿ. ಅದೂ ಹೀಗೇ ಕೆಲಸ ಮಾಡುತ್ತೆ.

ಇನ್ನು ಒಳಗೆ ಹೋಗೋ ದಾರಿ. ಬೆನ್ನಿಗೆ ಆಸರೆ ಇರೋ ಹಾಗೆ ಕೂತ್ಕೊಳ್ಳಿ. ಫೋನ್ ಬೇರೆ ಕೋಣೆಯಲ್ಲಿರಲಿ, ರಿಪೋರ್ಟಿನ ಕರೆ ಬರೋದಿದ್ರೆ ರಿಂಗ್ ಜೋರಾಗಿಟ್ಟು ಅಲ್ಲಿಡಿ. ಉಸಿರು ಒಳಗೆ ತಗೊಳ್ಳೋಕಿಂತ ಹೊರಗೆ ಬಿಡೋದು ಸ್ವಲ್ಪ ನಿಧಾನ ಆಗಲಿ, ನಿಮಿಷಕ್ಕೆ ಆರರಷ್ಟು ಉಸಿರಾದ್ರೆ ಸಾಕು. ನಾಕೈದು ಉಸಿರಾದ ಮೇಲೆ ಕಣ್ಣು ಮುಚ್ಚಿ, ಕಾಲಿಂದ ಶುರು ಮಾಡಿ. ಮುಖಗಳಿಂದಲ್ಲ, ಕಾಲಿಂದ. ಅಂಗಾಲ ಕೆಳಗೆ ಏನಿದೆ? ಕಾದ ಕಲ್ಲಾ, ಬೆರಳ ಸಂದಿಗೆ ಸಿಕ್ಕೊಂಡ ಮರಳಾ, ತಣ್ಣನೆ ನೆಲವಾ? ಅಲ್ಲಿಂದ ಕೈಗೆ ಬನ್ನಿ. ಕೈಯಿಂದ ಶಬ್ದಕ್ಕೆ. ಮುಖ, ಮಾತು ಎಲ್ಲಾ ಆಮೇಲೆ ತಾವಾಗೇ ಬರುತ್ವೆ. ಮೊದಲೇ ಮುಖ ಹುಡುಕಿದ್ರೆ ಫೋಟೋದಲ್ಲಿರೋ ಮುಖ ಬರುತ್ತೆ, ಆವತ್ತಿನದಲ್ಲ.

ಕಣ್ಣಿನ ಮಟ್ಟ ನೋಡ್ಕೊಳ್ಳಿ, ಇದನ್ನ ತುಂಬಾ ಜನ ಮರೀತಾರೆ. ಆಗ ನೀವು ಚಿಕ್ಕೋರು. ಮೇಜು ನಿಮ್ಮ ಗಲ್ಲದ ಹತ್ತಿರ ಇತ್ತು. ಬಾಗಿಲ ಚಿಲಕ ತಲೆಗಿಂತ ಮೇಲೆ. ದೊಡ್ಡವರ ಜೊತೆ ನಡೆಯುವಾಗ ನಿಮ್ಮ ಕಣ್ಣಿಗೆ ನೇರವಾಗಿ ಕಾಣ್ತಿದ್ದಿದ್ದು ಅವರ ಮುಖ ಅಲ್ಲ, ಕೈ. ಆ ಕೈಯಲ್ಲಿ ಏನು ಹಿಡಿದಿದ್ರು, ಉಗುರು ಹೇಗಿತ್ತು, ಚೀಲದ ಹಿಡಿ ಎಲ್ಲಿ ಹರಿದಿತ್ತು, ಅದು ನೆನಪಿಗೆ ಬಂದ್ರೆ ನೀವು ಸರಿಯಾದ ಎತ್ತರಕ್ಕೆ ಇಳಿದಿದೀರಿ ಅಂತ. ನಿಮ್ಮನ್ನೇ ನೀವು ಹೊರಗಿಂದ, ಸಿನಿಮಾ ನೋಡೋ ಥರ ನೋಡ್ತಿದ್ರೆ ಭಾವನೆ ತೆಳುವಾಗುತ್ತೆ. ನಿಮ್ಮ ಸ್ವಂತ ಕಣ್ಣಿಂದ ನೋಡಿದ್ರೆ ಗಟ್ಟಿಯಾಗುತ್ತೆ. ಅಕಸ್ಮಾತ್ ನೆನಪು ತಡೆಯೋಕಾಗದಷ್ಟು ತುಂಬಿ ಬಂದ್ರೆ ಇದನ್ನೇ ತಿರುಗಿಸಿ ಬಳಸಬಹುದು: ನಾಲ್ಕು ಹೆಜ್ಜೆ ಹಿಂದೆ ಸರಿದು, ಹೊರಗೆ ನಿಂತು ಆ ಮಗುವನ್ನ ನೋಡಿ.

ಎಷ್ಟು ಹೊತ್ತು? ಹತ್ತು ನಿಮಿಷ, ದಿನಕ್ಕೆರಡು ಸಲ. 2005ರ ಒಂದು ಪ್ರಯೋಗದಲ್ಲಿ ಜನ ಒಂದು ವಾರ ಹೀಗೇ ಮಾಡಿದ್ರು. ಕೆಲವರು ಕಣ್ಣು ಮುಚ್ಚಿ ಚಿತ್ರ ತಂದುಕೊಂಡ್ರು, ಕೆಲವರು ಹಳೇ ವಸ್ತುಗಳನ್ನ ಮುಂದಿಟ್ಕೊಂಡು ನೆನೆದ್ರು. ಎರಡೂ ಗುಂಪಿಗೆ ಖುಷಿಯ ಹೊತ್ತು ಹೆಚ್ಚಾಯ್ತು, ಚಿತ್ರ ತಂದುಕೊಂಡವರಿಗೆ ಇನ್ನೂ ಹೆಚ್ಚು. ಅದಕ್ಕೇ ಆಲ್ಬಮ್ ಮೊದಲು ತೆರೀಬೇಡಿ. ಫೋಟೋ ನೋಡಿದ್ರೆ ಚೌಕಟ್ಟಿನೊಳಗೆ ಇರೋದಷ್ಟೇ ಉಳಿದು, ಹೊರಗಿದ್ದದ್ದು ಹಿಂದೆ ಸರಿಯುತ್ತೆ. ಮೊದಲು ಕಣ್ಣು ಮುಚ್ಚಿ ಸಿಕ್ಕಷ್ಟು ತಗೊಳ್ಳಿ, ಫೋಟೋ ಕೊನೆಗೆ.

ವಾಸನೆಯ ವಿಷಯ ಬೇರೆ. ಉಳಿದ ಇಂದ್ರಿಯಗಳ ಸುದ್ದಿ ಮೆದುಳಿನ ನಡುವೆ ಥಲಾಮಸ್ ಅನ್ನೋ ಕಟ್ಟೆ ದಾಟಿ ಹೋಗುತ್ತೆ. ವಾಸನೆ ಆ ಕಟ್ಟೆಗೆ ಹೋಗದೇನೇ, ಭಾವನೆ ಮತ್ತು ನೆನಪಿನ ಭಾಗಗಳಿಗೆ ತುಂಬಾ ಹತ್ತಿರದ ದಾರಿಯಲ್ಲಿ ತಲುಪುತ್ತೆ. ವಾಸನೆಯಿಂದ ಎದ್ದು ಬರೋ ನೆನಪುಗಳು ಹೆಚ್ಚಾಗಿ ಹತ್ತು ವರ್ಷ ವಯಸ್ಸಿನೊಳಗಿನವು. ಆ ರಜೆಯ ಯಾವುದಾದರೂ ವಾಸನೆ ಗುರುತಿದ್ರೆ, ಸೋಪು, ಎಣ್ಣೆ, ಒಣಹುಲ್ಲು, ಹಳೇ ಪುಸ್ತಕ ಏನೇ ಇರಲಿ, ಸಣ್ಣ ಡಬ್ಬಿಯಲ್ಲಿ ಮುಚ್ಚಿಡಿ. ಮೂರು ನಾಲ್ಕು ಸಲ ಮೂಸಿ, ಮುಚ್ಚಿ. ಜಾಸ್ತಿ ಹೊತ್ತು ತೆರೆದಿಟ್ರೆ ಮೂಗು ಅದಕ್ಕೆ ಒಗ್ಗಿಹೋಗಿ ವಾಸನೆಯೇ ಗೊತ್ತಾಗಲ್ಲ.

ಒಂದು ಎಚ್ಚರಿಕೆ, ದಯವಿಟ್ಟು ಗಮನ ಇಟ್ಟು ಕೇಳಿ. ಆ ಡಬ್ಬಿಯನ್ನ, ಅಡ್ಡಪರಿಣಾಮವಾಗಿ ವಾಂತಿ ಬರಿಸೋ ಚಿಕಿತ್ಸೆಗೆ ತಗೊಂಡು ಹೋಗಬೇಡಿ. ವಾಕರಿಕೆ ಜೊತೆ ಬಂದ ರುಚಿ, ವಾಸನೆಯನ್ನ ಮೈ ಗಂಟು ಹಾಕಿಟ್ಟುಬಿಡುತ್ತೆ, ಆಮೇಲೆ ಅದೇ ವಾಸನೆಗೆ ಹೊಟ್ಟೆ ತೊಳೆಸುತ್ತೆ. ಒಳ್ಳೆ ನೆನಪೊಂದು ಆಸ್ಪತ್ರೆಯ ಪಾಲಾಗಿಬಿಡುತ್ತೆ. ಡಬ್ಬಿ ಮನೆಯಲ್ಲೇ ಇರಲಿ.

ಇನ್ನು ಎಲ್ಲಿ ತಪ್ಪುತ್ತೆ ಅಂತ. ಮೊದಲನೇದು ಹೋಲಿಕೆ. "ಆಗ ಎಷ್ಟು ಆರೋಗ್ಯವಾಗಿದ್ದೆ, ಈಗ ನೋಡು" ಅನ್ನೋ ಮಾತು ಬಂತು ಅಂದ್ರೆ ಅದೇ ನೆನಪು ಮುಳ್ಳಾಗುತ್ತೆ. 1985ರಷ್ಟು ಹಿಂದೆಯೇ ಒಂದು ಅಧ್ಯಯನ ಇದರ ಬೇರು ತೋರಿಸಿತ್ತು. ಹಳೇ ಸಂತೋಷ ಹೇಗೆ ನಡೀತು ಅಂತ ವಿವರವಾಗಿ ನೆನೆದವರ ಮನಸ್ಸು ಹಗುರಾಯ್ತು. ಯಾಕೆ ನಡೀತು ಅಂತ ಕಾರಣ ಹುಡುಕಿದವರಿಗೆ ಆ ಹಿತ ಸಿಗಲಿಲ್ಲ, ಈಗಿನ ದಿನವೇ ಸಪ್ಪೆ ಕಂಡಿತು. ಹಾಗಾಗಿ "ಯಾಕೆ" ಅನ್ನೋ ಪ್ರಶ್ನೆ ಈ ಹತ್ತು ನಿಮಿಷದಲ್ಲಿ ಬೇಡ. ಹೇಗೆ, ಎಲ್ಲಿ, ಯಾವ ಬಣ್ಣ, ಆಮೇಲೆ ಏನಾಯ್ತು, ಇವಷ್ಟೇ. ಡೈರಿ ಬರೆಯೋ ಅಭ್ಯಾಸ ಇರೋರು ಇದರಲ್ಲಿ ಬೇಗ ಎಡವ್ತಾರೆ, ಬರೀತಾ ಬರೀತಾ ವಿಶ್ಲೇಷಣೆ ಶುರುವಾಗಿಬಿಡುತ್ತೆ. ಸಂತೋಷವನ್ನ ಬಿಡಿಸಿ ನೋಡೋಕಿಂತ ಸುಮ್ಮನೆ ಮತ್ತೆ ಓಡಿಸಿ ನೋಡೋದು ಒಳ್ಳೇದು. ಬರೆಯಲೇಬೇಕು ಅಂದ್ರೆ ಬರೀ ವಸ್ತುಗಳ ಹೆಸರು ಬರೀರಿ.

ಭಯ ನಡುವೆ ನುಗ್ಗುತ್ತೆ, ನುಗ್ಗೇ ನುಗ್ಗುತ್ತೆ. ಓಡಿಸೋಕೆ ಹೋಗಬೇಡಿ, ಓಡಿಸಿದಷ್ಟೂ ತಿರುಗಿ ಬರುತ್ತೆ. "ಗೊತ್ತು, ಹಾಳೆಯಲ್ಲಿದೆ" ಅಂತ ಒಂದು ಸಲ ಹೇಳಿ ಮತ್ತೆ ಅಂಗಾಲಿಗೆ ಹೋಗಿ. ಹತ್ತು ನಿಮಿಷದಲ್ಲಿ ಇಪ್ಪತ್ತು ಸಲ ಹೀಗಾದ್ರೂ ಅದು ಸೋಲಲ್ಲ. ಅಳು ಬಂದ್ರೆ ಬರಲಿ. ಅತ್ತು ಮುಗಿದ ಮೇಲೆ ಹಗುರ ಅನ್ನಿಸಿದ್ರೆ ಮುಂದುವರಿಸಿ. ಮೂರು ನಾಲ್ಕು ದಿನ ಮಾಡಿದ್ರೂ ಪ್ರತಿ ಸಲ ಇನ್ನೂ ಕುಸಿದ ಹಾಗಾದ್ರೆ ಇದನ್ನ ಬಿಟ್ಟುಬಿಡಿ. ಖಿನ್ನತೆ ಇರೋರಿಗೆ ಒಳ್ಳೆ ನೆನಪೂ ಮನಸ್ಸನ್ನ ಎತ್ತದೇ ಹೋಗಬಹುದು, ಇನ್ನಷ್ಟು ಇಳಿಸಲೂಬಹುದು. ಅದು ನಿಮ್ಮ ತಪ್ಪಲ್ಲ, ಡಾಕ್ಟರಿಗೆ ಹೇಳಲೇಬೇಕಾದ ವಿಷಯ.

ನೆನಪಿನಲ್ಲಿ ತೂತುಗಳಿರುತ್ವೆ. ಪರವಾಗಿಲ್ಲ. ಪ್ರತಿ ಸಲ ನೆನೆದಾಗಲೂ ಮೆದುಳು ಅದನ್ನ ಹೊಸದಾಗಿ ಕಟ್ಟುತ್ತೆ, ಸ್ವಲ್ಪ ಅದಲು ಬದಲು ಆಗೇ ಆಗುತ್ತೆ. ಗೇಟು ಹಸಿರಾ ನೀಲಿನಾ ಅಂತ ಅಣ್ಣನೋ ತಂಗಿಯೋ ವಾದಕ್ಕಿಳಿದ್ರೆ, ಈಗ ಗೆಲ್ಲೋಕೆ ಹೋಗಬೇಡಿ. ಕೋರ್ಟಿನ ಸಾಕ್ಷಿಗೆ ಬೇಕಾದ ನಿಖರತೆ ಇಲ್ಲಿ ಬೇಕಿಲ್ಲ.

ಎಂಆರ್‌ಐ ಇರೋರಿಗೆ ಈ ಅಭ್ಯಾಸ ತುಂಬಾ ಉಪಯೋಗ. ಯಾವ ಭಾಗ ಅನ್ನೋದರ ಮೇಲೆ ಕಾಲು ಗಂಟೆಯಿಂದ ಒಂದೂವರೆ ಗಂಟೆ ತನಕ ಕೊಳವೆಯಂಥ ಯಂತ್ರದೊಳಗೆ ಅಲ್ಲಾಡದೇ ಮಲಗಬೇಕು. ಶಬ್ದ ಜೋರು, ಕಿವಿಗೆ ಮುಚ್ಚಳ ಕೊಡ್ತಾರೆ, ತೊಂದರೆ ಆದ್ರೆ ಒತ್ತಿ ಕರೆಯೋಕೆ ಕೈಗೊಂದು ರಬ್ಬರ್ ಬಲ್ಬ್ ಕೊಡ್ತಾರೆ. ಇಕ್ಕಟ್ಟು ಅಂದ್ರೆ ಭಯ ಇದ್ರೆ ಮೊದಲೇ ಹೇಳಿಬಿಡಿ, ಅದಕ್ಕೆ ದಾರಿಗಳಿವೆ. ಒಳಗೆ ಹೋಗೋ ಮೊದಲೇ ಕಣ್ಣು ಮುಚ್ಚಿ, ಒಳಗೆ ಹೋಗಿ ಮುಚ್ಚೋದಲ್ಲ. ಒಮ್ಮೆ ಛಾವಣಿ ಮೂಗಿನ ಹತ್ತಿರ ಕಂಡುಬಿಟ್ರೆ ಮನಸ್ಸು ಅಲ್ಲೇ ನಿಲ್ಲುತ್ತೆ. ಒಂದು ಹೊತ್ತಿನ ಬದಲು ಇಲ್ಲಿ ಒಂದು ದಾರಿ ಆರಿಸಿಕೊಳ್ಳಿ: ರಜೆಗೆ ಹೋಗಿದ್ದ ಮನೆಯ ಬಾಗಿಲಿಂದ ನೀರಿನ ತನಕ, ಅಥವಾ ಸ್ಟೇಷನ್‌ನಿಂದ ಮನೆ ತನಕ. ಯಂತ್ರದ ಶಬ್ದ ಕೆಲವು ನಿಮಿಷಕ್ಕೊಮ್ಮೆ ನಿಂತು ಬೇರೆ ಲಯದಲ್ಲಿ ಶುರುವಾಗುತ್ತೆ. ಒಂದು ಲಯಕ್ಕೆ ದಾರಿಯ ಒಂದು ತುಂಡು ಅಂತ ಇಟ್ಕೊಳ್ಳಿ. ರೈಲಿನಲ್ಲಿ ಹೋಗಿದ್ದೋರಿಗೆ ಈ ಬಡಿತವೇ ಹಳಿಯ ಸದ್ದಾಗುತ್ತೆ, ಅದಕ್ಕಿಂತ ಒಳ್ಳೆ ಹೊಂದಿಕೆ ಇಲ್ಲ. ನಗು ಬಂದ್ರೂ, ತಲೆ ಸ್ಕ್ಯಾನ್ ಆದ್ರೆ ಮುಖ ಅಲ್ಲಾಡಿಸಬೇಡಿ, ಚಿತ್ರ ಮಸುಕಾದ್ರೆ ಮತ್ತೆ ತೆಗೀಬೇಕಾಗುತ್ತೆ. ಉಸಿರು ಹಿಡೀರಿ ಅಂತ ಹೇಳೋ ದನಿಗೆ ಮಾತ್ರ ಒಂದು ಕಿವಿ ಕೊಟ್ಟಿರಿ.

ರಾತ್ರಿ ಮೂರಕ್ಕೆ ಎಚ್ಚರ ಆದ್ರೆ ಹತ್ತು ನಿಮಿಷದ್ದು ನಡೆಯಲ್ಲ, ಅಷ್ಟು ತಾಳ್ಮೆ ಇರಲ್ಲ. ಎದ್ದು ಕೂತು, ಸಣ್ಣ ದೀಪ ಹಾಕಿ, ಆ ಹೊತ್ತಿನ ಮೂರು ವಸ್ತು ಹೆಸರಿಸಿ, ಸಣ್ಣ ದನಿಯಲ್ಲಿ. ಟವೆಲ್. ಮೆಟ್ಟಿಲು. ಹರಿದ ಚೀಲದ ಹಿಡಿ. ಫೋನಿನಲ್ಲಿ ರೋಗದ ಹೆಸರು ಹುಡುಕೋದಂತೂ ಆ ಗಂಟೆಗೆ ಖಂಡಿತ ಬೇಡ.

ಜೊತೆಗಿರೋರಿಗೂ ಒಂದು ಮಾತು. "ಏನೂ ಆಗಲ್ಲ ಬಿಡು" ಅಂತ ಹೇಳೋಕೆ ಬಾಯಿಗೆ ಬರುತ್ತೆ. ಆದರೆ ಅವರಿಗೆ ಗೊತ್ತು, ಅದು ನಿಮಗೂ ಗೊತ್ತಿಲ್ಲ ಅಂತ. ಅದರ ಬದಲು ಕೇಳಿ. "ನಿನ್ನ ಬಾಲ್ಯ ಹೇಗಿತ್ತು" ಅಂತ ಅಷ್ಟು ದೊಡ್ಡದಾಗಿ ಕೇಳಿದ್ರೆ "ಚೆನ್ನಾಗಿತ್ತು" ಅಂತ ಮುಗಿಸಿಬಿಡ್ತಾರೆ. ಸಣ್ಣದು ಕೇಳಿ. ರಜೆಗೆ ಹೋದಾಗ ಮಲಗ್ತಿದ್ದಿದ್ದು ಎಲ್ಲಿ, ಕಿಟಕಿ ಪಕ್ಕಾನಾ? ಮೊದಲು ಏಳ್ತಿದ್ದಿದ್ದು ಯಾರು? ಉತ್ತರ ಬಂದ ಮೇಲೆ ನಿಮ್ಮ ಕಥೆ ಶುರು ಮಾಡದೇ, ಎರಡು ಉಸಿರಿನಷ್ಟು ಸುಮ್ಮನಿರಿ. ಎರಡನೇ ವಾಕ್ಯ ಆ ಸುಮ್ಮನಿರೋದರಲ್ಲೇ ಬರುತ್ತೆ. ಆಸ್ಪತ್ರೆಯ ಬೆಂಚಿನ ಮೇಲೆ, ಟೋಕನ್ ಹಿಡಿದು ಕೂತಿರುವಾಗ ಇದಕ್ಕೆ ಒಳ್ಳೆ ಹೊತ್ತು. ಹೆಸರು ಕರೆದ್ರೆ ಮಾತು ಅರ್ಧಕ್ಕೇ ನಿಲ್ಲಲಿ. ಹಾಳೆ ಕೈಗೆ ಕೊಡಿ, ಒಳಗೆ ಜೊತೆಯಲ್ಲೇ ಹೋಗಿ, ಡಾಕ್ಟರು ಹೇಳಿದ್ದನ್ನ ನೀವೇ ಬರ್ಕೊಳ್ಳಿ. ಹೊರಗೆ ಬಂದ ಮೇಲೆ, ಸುದ್ದಿ ಯಾವುದೇ ಆಗಿರಲಿ, ಸ್ವಲ್ಪ ಹೊತ್ತು ಬಿಟ್ಟು ಅಲ್ಲಿಂದಲೇ ಕೇಳಿ: ಹೂಂ, ಆಮೇಲೆ, ಆ ಮೆಟ್ಟಿಲ ಮೇಲೆ ನಿನ್ನ ಪಕ್ಕ ಯಾರು ಕೂತಿದ್ರು?